ಜಗಲಿಯ ಮೇಲೆ ಓದಿದ ಯುದ್ಧಗಳು

1991ರ ಜನವರಿ. ನನಗಾಗ ಹತ್ತು ವರ್ಷ. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆ ವರ್ಷವಷ್ಟೇ ಕನ್ನಡ ಶಾಲೆಯ ಐದನೆಯ ತರಗತಿಗೆ ಸೇರಿದ್ದೆ. ದಾದಾ ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಕೆಲಸ ಮಾಡುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಕಡೆಯುವ ಕೆಲಸ ಕೈಯ ಅಂದಾಜಿನಲ್ಲೇ ನಡೆಯುತ್ತಿತ್ತು. ಪತ್ರಿಕೆ ಓದುವುದು ಮಾತ್ರ ಆಗುತ್ತಿರಲಿಲ್ಲ. ಹಾಗಾಗಿ ದಿನವೂ ಅಸರ್ ನಮಾಜಿನ ನಂತರ ಬೆಂಗಳೂರಿನಿಂದ ಬರುತ್ತಿದ್ದ ಉರ್ದು ಪತ್ರಿಕೆಯನ್ನು ಅವರಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂತು.

ಕೇಳುವವರು ದಾದಾ ಒಬ್ಬರೇ ಅಲ್ಲ. ಜಗಲಿಯ ಮೇಲೆ ನಾಲ್ಕೈದು ಜನ ಹಿರಿಯರು ಬಂದು ಕೂರುತ್ತಿದ್ದರು. ಇರಾಕ್, ಕುವೈತ್, ಬಗ್ದಾದ್, ಬಸ್ರಾ. ಅವರಲ್ಲೊಬ್ಬರು ನೆಲದ ಮೇಲೆ ಬಿದ್ದಿದ್ದ ಮರದ ಪುಡಿಯಲ್ಲಿ ಬೆರಳಿನಿಂದ ಯೂಫ್ರೆಟಿಸ್ ನದಿಯನ್ನು ಎಳೆದು ತೋರಿಸುತ್ತಿದ್ದರು. ಎದುರು ಮನೆಯ ಕನ್ನಡ ಮೇಷ್ಟ್ರು ತಮ್ಮ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಆಗ ನಾನು ಎರಡನ್ನೂ ಓದಬೇಕಾಗುತ್ತಿತ್ತು. ಎರಡರಲ್ಲೂ ಅದೇ ದಿನ, ಅದೇ ಊರು; ಆದರೆ ಉರುಳಿದ ವಿಮಾನಗಳ ಲೆಕ್ಕ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರಲ್ಲಿ ವೀರರಾದವರು ಇನ್ನೊಂದರಲ್ಲಿ ಹಟಮಾರಿಗಳಾಗಿರುತ್ತಿದ್ದರು. ದಾದಾ ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ಬೇಟಾ, ಮೊದಲು ಸತ್ತವರ ಲೆಕ್ಕ ಓದು. ಗೆದ್ದವರ ಲೆಕ್ಕ ಆಮೇಲೆ ನೋಡೋಣ."

ಅದು ಬರೀ ನಮ್ಮ ಜಗಲಿಯ ರೂಢಿ ಎಂದು ಬಹಳ ಕಾಲ ತಿಳಿದಿದ್ದೆ. ಆಮೇಲೆ ಹಳೆಯ ಪತ್ರಿಕೆಗಳ ಚರಿತ್ರೆ ಓದುತ್ತಾ ಹೋದಂತೆ, ಇಂಥ ಜಗಲಿಗಳು ಇನ್ನೂರು ವರ್ಷಗಳ ಹಿಂದೆಯೇ ಎಷ್ಟೋ ಊರುಗಳಲ್ಲಿ ಇದ್ದವು ಎಂಬುದು ಗೊತ್ತಾಯಿತು. ರಾಜರು, ಸೇನಾಪತಿಗಳು ಯುದ್ಧಗಳನ್ನು ಏನು ಮಾಡಿದರು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುತ್ತವೆ. ಸಾವಿರಾರು ಮೈಲಿ ದೂರದಲ್ಲಿ ಕುಳಿತು ಆ ಯುದ್ಧಗಳನ್ನು ಓದಿದ ಸಾಮಾನ್ಯ ಜನ ಏನು ಮಾಡಿದರು? ಯಾರಿಗಾಗಿ ಅತ್ತರು, ಯಾರಿಗಾಗಿ ಅಳಲಿಲ್ಲ? ಈ ಲೇಖನ ಅದರ ಬಗ್ಗೆ.

ನಾವೇ ದೂರದ ಯುದ್ಧವಾಗಿದ್ದಾಗ

ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಮೊದಲ ಭಾಗ ಪ್ರಕಟವಾದದ್ದು 1808ರಲ್ಲಿ. ಅದರಲ್ಲಿ ಈಸ್ಟರ್ ಹಬ್ಬದ ದಿನ ಊರ ಹೊರಗೆ ಅಡ್ಡಾಡಲು ಹೊರಟ ಒಬ್ಬ ನಗರವಾಸಿ ಬರುತ್ತಾನೆ. ರಜೆಯ ದಿನ ದೂರದ ತುರ್ಕಿಯಲ್ಲೆಲ್ಲೋ ಜನ ಹೊಡೆದಾಡಿಕೊಳ್ಳುವ ಸುದ್ದಿ ಮಾತಾಡುವುದಕ್ಕಿಂತ ಹಿತವಾದದ್ದು ಬೇರೊಂದಿಲ್ಲ ಎಂಬುದು ಅವನ ಅಭಿಪ್ರಾಯ. ಕಿಟಕಿಯ ಬಳಿ ಕುಳಿತು ಪಾನೀಯ ಹೀರಿ, ಸಂಜೆ ಮನೆಗೆ ಹೋಗಿ, ತನ್ನೂರಿನ ಶಾಂತಿಗಾಗಿ ದೇವರನ್ನು ನೆನೆಯುವವನು ಅವನು. ದೂರದ ಯುದ್ಧ ಅವನಿಗೆ ಹೊತ್ತು ಕಳೆಯುವ ವಸ್ತು. ಅಂಥ ಓದುಗನನ್ನು ಗಯಟೆ ಚೆನ್ನಾಗಿ ಬಲ್ಲವನಾಗಿದ್ದ.

ಅಂಥ ಓದುಗರಿಗೆ ನಮ್ಮ ಶ್ರೀರಂಗಪಟ್ಟಣವೂ ಒಂದು ಕಾಲದಲ್ಲಿ ದೂರದ ಯುದ್ಧವೇ ಆಗಿತ್ತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಯ್ಲಿಯ ಸೈನ್ಯವನ್ನು ಸೋಲಿಸಿದ ಸುದ್ದಿ ಲಂಡನ್ನಿಗೆ ಮುಟ್ಟುವ ಹೊತ್ತಿಗೆ ಮರುವರ್ಷ ಬಂದಿತ್ತು. ಹಡಗು ಆಫ್ರಿಕದ ತುದಿಯನ್ನು ಸುತ್ತಿ ಹೋಗಬೇಕು. ಐದಾರು ತಿಂಗಳ ದಾರಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯ ಬಾಗಿಲ ಬಳಿ ಮಡಿದಾಗ ಲಂಡನ್ನಿನವರಿಗೆ ಏನೂ ಗೊತ್ತಿರಲಿಲ್ಲ. ಅದು ಅವರ ಪತ್ರಿಕೆಗಳಲ್ಲಿ ಅಚ್ಚಾದದ್ದು ಸೆಪ್ಟೆಂಬರಿನಲ್ಲಿ. ಆ ನಾಲ್ಕು ತಿಂಗಳು ಇಂಗ್ಲೆಂಡಿನ ಓದುಗರ ಮನಸ್ಸಿನಲ್ಲಿ ಟಿಪ್ಪು ಬದುಕಿಯೇ ಇದ್ದ.

ಆ ಕಾಲದಲ್ಲಿ ಪತ್ರಿಕೆ ಕೊಳ್ಳುವುದು ಬಡವರ ಕೈಲಾಗುವ ಮಾತಾಗಿರಲಿಲ್ಲ. 1797ರಲ್ಲಿ ಬ್ರಿಟಿಷ್ ಸರಕಾರ ಪ್ರತಿಯೊಂದು ಪತ್ರಿಕೆಯ ಮೇಲಿನ ಮುದ್ರಾಂಕ ತೆರಿಗೆಯನ್ನು ಮೂರೂವರೆ ಪೆನ್ನಿಗೆ ಏರಿಸಿದ್ದರಿಂದ ಒಂದು ಪ್ರತಿಗೆ ಆರು ಪೆನ್ನಿ ಬೆಲೆಯಾಗಿತ್ತು. ಕೂಲಿಯವನು, ಕುಶಲಕರ್ಮಿ ಅದನ್ನು ಓದುತ್ತಿದ್ದದ್ದು, ಇಲ್ಲವೇ ಓದಿಸಿ ಕೇಳುತ್ತಿದ್ದದ್ದು ಕಾಫಿ ಅಂಗಡಿಯಲ್ಲಿ, ಹೆಂಡದಂಗಡಿಯಲ್ಲಿ. ಒಂದು ಪ್ರತಿ ಹತ್ತಾರು ಕೈ ದಾಟಿ ಹರಿದುಹೋಗುತ್ತಿತ್ತು. ಅಕ್ಷರ ಬಾರದವರಿಗೆ ರಂಗಭೂಮಿ ಇತ್ತು. ಲಂಡನ್ನಿನ ಆಸ್ಟ್ಲಿಯ ಕುದುರೆ ಸರ್ಕಸ್ಸಿನ ರಂಗದಲ್ಲಿ ಮೈಸೂರಿನ ಯುದ್ಧಗಳನ್ನೇ ಆಟವಾಗಿ ಆಡಿ ತೋರಿಸುತ್ತಿದ್ದರು. 1792ರ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಪಡೆದದ್ದು ಚಿತ್ರಗಳಾಗಿ ಮನೆಮನೆಯ ಗೋಡೆ ಸೇರಿತು. ತಂದೆಯಿಂದ ಮಕ್ಕಳನ್ನು ಕಿತ್ತುಕೊಂಡ ದೃಶ್ಯವನ್ನು ಆ ಚಿತ್ರಗಳು ದೊರೆಯ ಕರುಣೆಯ ದೃಶ್ಯವಾಗಿ ತೋರಿಸಿದವು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಪರದೆಯ ಮೇಲೆ ಬಿಡಿಸಿದಾಗ ಜನ ನೂಕುನುಗ್ಗಲಿನಲ್ಲಿ ನೋಡಲು ಬಂದರು. ಅವನು ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಅವನ ಚಿತ್ರ ನೋಡಿದವರಲ್ಲಿ ಹೆಚ್ಚಿನವರೂ ಕಂಡವರಲ್ಲ.

ಆದರೆ ಎಲ್ಲ ಓದುಗರೂ ಗಯಟೆಯ ನಗರವಾಸಿಯಂತೆ ಇರಲಿಲ್ಲ. 1785ರಲ್ಲಿ, ಎರಡನೆಯ ಮೈಸೂರು ಯುದ್ಧ ಮುಗಿದ ಮರುವರ್ಷವೇ, ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿ 'ದಿ ಟಾಸ್ಕ್' ಎಂಬ ದೀರ್ಘ ಕಾವ್ಯ ಪ್ರಕಟಿಸಿದ. ಅದರಲ್ಲಿ ಚಳಿಗಾಲದ ಸಂಜೆ ಅಂಚೆಯವನು ಪತ್ರಿಕೆ ತರುವ ಒಂದು ಪ್ರಸಂಗವಿದೆ. ಬೆಂಕಿಯ ಮುಂದೆ ಬೆಚ್ಚಗೆ ಕುಳಿತ ಓದುಗ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಭಾರತದ್ದೂ ಒಂದು: ಅಲ್ಲಿ ನಮ್ಮವರ ದಬ್ಬಾಳಿಕೆ ನಿಂತಿತೇ, ಇಲ್ಲವೇ? ಚಹಾ ಹೀರುತ್ತಲೇ ಅವನು ಹಾಗೆ ಕೇಳಿಕೊಳ್ಳುತ್ತಾನೆ. ಉತ್ತರ ಸಿಕ್ಕಿದರೂ ಅವನಿಂದ ಏನೂ ಆಗುವಂತಿಲ್ಲ. ಆದರೆ ತನ್ನ ದೇಶದವರೇ ತಪ್ಪು ಮಾಡುತ್ತಿರಬಹುದು ಎಂಬ ಅನುಮಾನ ಆ ಕೋಣೆಯೊಳಗೆ ಬಂದಿತ್ತು. ಮೈಸೂರಿನ ಹೊಲಗಳು ಉರಿಯುತ್ತಿದ್ದ ಕಾಲದಲ್ಲಿ ಅಲ್ಲೊಬ್ಬನಿಗೆ ಅಷ್ಟಾದರೂ ಇರುಸುಮುರುಸಾಯಿತು ಎಂದು ತಿಳಿದಾಗ ನನಗೆ ಸಮಾಧಾನವೆನಿಸಿದ್ದನ್ನು ಮುಚ್ಚಿಡಲಾರೆ.

ವರದಿಗಾರ ಬಂದ, ತಂತಿ ಬಂತು

ಅಲ್ಲಿಯವರೆಗೆ ಯುದ್ಧದ ಸುದ್ದಿ ಎಂದರೆ ಸೇನಾಧಿಕಾರಿಗಳು ಬರೆದ ಪತ್ರ, ಸರಕಾರದ ಗೆಜೆಟ್ಟು. ಗೆದ್ದವನೇ ವರದಿಗಾರ. ಇದು ಬದಲಾದದ್ದು 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ. ಆಗ ತುರ್ಕಿಯ ಉಸ್ಮಾನಿ ಸಾಮ್ರಾಜ್ಯದ ಪರವಾಗಿ ಬ್ರಿಟನ್, ಫ್ರಾನ್ಸ್ ದೇಶಗಳು ರಷ್ಯದ ವಿರುದ್ಧ ಹೋರಾಡಿದವು. 'ದಿ ಟೈಮ್ಸ್' ಪತ್ರಿಕೆ ವಿಲಿಯಂ ಹವರ್ಡ್ ರಸಲ್ ಎಂಬಾತನನ್ನು ರಣರಂಗಕ್ಕೇ ಕಳಿಸಿತು. 1854ರ ಅಕ್ಟೋಬರ್ 25ರಂದು ಬಾಲಕ್ಲಾವದಲ್ಲಿ ಯಾರದೋ ತಪ್ಪು ಆದೇಶಕ್ಕೆ ಬ್ರಿಟಿಷ್ ಕುದುರೆ ಸವಾರರು ಫಿರಂಗಿಗಳ ಬಾಯಿಗೆ ನುಗ್ಗಿ ಸತ್ತರು. ಅದನ್ನು ಕಣ್ಣಾರೆ ಕಂಡು ರಸಲ್ ಬರೆದದ್ದು ನವೆಂಬರ್ 14ರಂದು ಅಚ್ಚಾಯಿತು. ಇಪ್ಪತ್ತು ದಿನ. ಶ್ರೀರಂಗಪಟ್ಟಣದ ನಾಲ್ಕು ತಿಂಗಳು ಇಲ್ಲಿ ಇಪ್ಪತ್ತು ದಿನವಾಗಿತ್ತು. ಮರುವರ್ಷ ಕಪ್ಪು ಸಮುದ್ರದ ತಳದಲ್ಲಿ ತಂತಿ ಎಳೆದ ಮೇಲೆ ತುರ್ತು ಸುದ್ದಿಗಳು ಗಂಟೆಗಳಲ್ಲಿ ಲಂಡನ್ ತಲುಪತೊಡಗಿದವು.

ಗಾಯಗೊಂಡ ಸೈನಿಕರು ಸ್ಕುಟಾರಿಯ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುವವರೂ ಇಲ್ಲದೆ ಸಾಯುತ್ತಿದ್ದಾರೆ ಎಂಬ ವರದಿಗಳು 1854ರ ಅಕ್ಟೋಬರಿನಲ್ಲಿ ಬಂದವು. ಓದಿದವರು ಹಣ ಕಳಿಸಿದರು. ಅದೇ ತಿಂಗಳ 21ರಂದು ಫ್ಲಾರೆನ್ಸ್ ನೈಟಿಂಗೇಲ್ 38 ದಾದಿಯರೊಂದಿಗೆ ಹೊರಟಳು. ಮುಂದಿನ ಜನವರಿಯಲ್ಲಿ ಅಬರ್ಡೀನ್ ಮಂತ್ರಿಮಂಡಲ ಬಿದ್ದುಹೋಯಿತು. ದೂರದ ಯುದ್ಧದ ಸುದ್ದಿ ಓದಿದ ಜನರ ಸಿಟ್ಟು ಒಂದು ಸರಕಾರವನ್ನು ಉರುಳಿಸುವುದಕ್ಕೆ ಕಾರಣವಾದದ್ದು ಇತಿಹಾಸದಲ್ಲಿ ಸಣ್ಣ ವಿಷಯವಲ್ಲ.

ಆದರೆ ಆ ಕರುಣೆಗೂ ಒಂದು ಗಡಿ ಇತ್ತು. ಅದೇ ಬಾಲಕ್ಲಾವದ ದಿಬ್ಬಗಳ ಮೇಲೆ ರಷ್ಯದ ಮೊದಲ ಹೊಡೆತ ತಿಂದು ಸತ್ತವರು ಉಸ್ಮಾನಿ ಸೈನ್ಯದವರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಅವರಿಗೆ ದೊರೆತದ್ದು ಓಡಿಹೋದ ಹೇಡಿಗಳೆಂಬ ಹೆಸರು. ಯಾರ ನೆಲಕ್ಕಾಗಿ ಯುದ್ಧವೋ ಅವರ ಸಾವು ಲೆಕ್ಕಕ್ಕೆ ಬರಲಿಲ್ಲ.

ಕ್ರಿಮಿಯಾದ ಸುದ್ದಿ ನಮ್ಮ ದೇಶಕ್ಕೂ ಬಂತು, ಬೇರೆ ಅರ್ಥ ಪಡೆದು. ನಾನಾ ಸಾಹೇಬನ ವಕೀಲನಾಗಿ ಲಂಡನ್ನಿಗೆ ಹೋಗಿದ್ದ ಅಜೀಮುಲ್ಲಾ ಖಾನ್ 1855ರಲ್ಲಿ ಮರಳುವಾಗ ದಾರಿ ಬಿಟ್ಟು ಕ್ರಿಮಿಯಾಕ್ಕೆ ಹೋಗಿ, ಇಂಗ್ಲಿಷರಿಗೆ ಅಷ್ಟು ಕಷ್ಟ ಕೊಡುತ್ತಿದ್ದ ಯುದ್ಧವನ್ನು ನೋಡಿದ. ಅಲ್ಲಿ ಅವನನ್ನು ಭೇಟಿಯಾದದ್ದನ್ನು ರಸಲ್ ತನ್ನ ಭಾರತದ ದಿನಚರಿಯಲ್ಲಿ ಬರೆದಿದ್ದಾನೆ. ಇಂಗ್ಲಿಷರನ್ನೂ ಬಗ್ಗಿಸಬಹುದು ಎಂಬ ಮಾತು 1857ರ ಮುಂಚಿನ ಉತ್ತರ ಭಾರತದಲ್ಲಿ ಓಡಾಡಿದ್ದಕ್ಕೆ ದೂರದ ಈ ಯುದ್ಧವೂ ಒಂದು ಕಾರಣ. ಲಂಡನ್ನಿನ ಓದುಗನಿಗೆ ಸಂಕಟ ತಂದ ಸುದ್ದಿಯೇ ಇಲ್ಲಿಯವರಿಗೆ ಧೈರ್ಯ ಕೊಟ್ಟಿತು.

ಲಕ್ನೋದ ಕಲ್ಲಚ್ಚಿನಲ್ಲಿ ಪ್ಲೆವ್ನಾ

1865ರ ಹೊತ್ತಿಗೆ ಪರ್ಷಿಯಾ ಕೊಲ್ಲಿಯ ಮೂಲಕ ಭಾರತಕ್ಕೂ ಯುರೋಪಿಗೂ ತಂತಿ ಸಂಪರ್ಕವಾಯಿತು. ಮರುವರ್ಷವೇ ರಾಯಿಟರ್ಸ್ ಸುದ್ದಿಸಂಸ್ಥೆ ಮುಂಬಯಿಯಲ್ಲಿ ಕಚೇರಿ ತೆರೆಯಿತು. ಇನ್ನು ಮುಂದೆ ಇಲ್ಲಿನ ಓದುಗನಿಗೂ ಯುದ್ಧದ ಸುದ್ದಿ ಬಿಸಿಬಿಸಿಯಾಗಿ ಸಿಗತೊಡಗಿತು. ಲಕ್ನೋದಲ್ಲಿ ಮುನ್ಶಿ ನವಲ್ ಕಿಶೋರ್ 1858ರಲ್ಲಿ ಮುದ್ರಣಾಲಯ ಹಾಕಿ 'ಅವಧ್ ಅಖ್ಬಾರ್' ಎಂಬ ಉರ್ದು ಪತ್ರಿಕೆ ಆರಂಭಿಸಿದ್ದರು. ಕಾತಿಬ್ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕುವ ಕಲ್ಲಚ್ಚಿನ ಪತ್ರಿಕೆ ಅದು. 1877ರಲ್ಲಿ ಅದು ದಿನಪತ್ರಿಕೆಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ರಷ್ಯ ತುರ್ಕಿಯ ಮೇಲೆ ಯುದ್ಧ ಸಾರಿತು.

ಆ ಯುದ್ಧದ ಹಿಂದೆಯೂ ಪತ್ರಿಕೆಯ ಪಾತ್ರವಿದೆ. 1876ರಲ್ಲಿ ಬಲ್ಗೇರಿಯದಲ್ಲಿ ದಂಗೆಯಾದಾಗ ಉಸ್ಮಾನಿಗಳ ಬಾಶಿ ಬಜೂಕ್ ಎಂಬ ಕೂಲಿಪಡೆಗಳು ಬಟಾಕ್ ಮುಂತಾದ ಹಳ್ಳಿಗಳಲ್ಲಿ ಹೆಂಗಸರು ಮಕ್ಕಳೆನ್ನದೆ ಕಡಿದು ಹಾಕಿದವು. ಮೆಕ್‌ಗಹನ್ ಎಂಬ ಅಮೆರಿಕನ್ ವರದಿಗಾರ ಅಲ್ಲಿಗೆ ಹೋಗಿ ಕಂಡದ್ದನ್ನು ಲಂಡನ್ನಿನ 'ಡೈಲಿ ನ್ಯೂಸ್' ಪತ್ರಿಕೆಗೆ ಬರೆದ. ಸೆಪ್ಟೆಂಬರಿನಲ್ಲಿ ಗ್ಲಾಡ್‌ಸ್ಟನ್ ಅದೇ ವಿಷಯವಾಗಿ ಬರೆದ ಕಿರುಹೊತ್ತಗೆ ಒಂದೇ ತಿಂಗಳಲ್ಲಿ ಎರಡು ಲಕ್ಷ ಪ್ರತಿ ಮಾರಾಟವಾಯಿತು. ಇಂಗ್ಲೆಂಡಿನ ಸಣ್ಣ ಸಣ್ಣ ಊರುಗಳಲ್ಲೂ ಸಭೆಗಳು ನಡೆದವು. ಬಲ್ಗೇರಿಯ ಎಲ್ಲಿದೆ ಎಂದು ತಿಳಿಯದವರೂ ಅಲ್ಲಿನ ಜನಕ್ಕಾಗಿ ಕಣ್ಣೀರಿಟ್ಟರು.

ಮರುವರ್ಷ ಲಕ್ನೋ, ದಿಲ್ಲಿ, ಹೈದರಾಬಾದುಗಳಲ್ಲಿ ಇದೇ ಚಿತ್ರದ ಇನ್ನೊಂದು ಮಗ್ಗುಲು ಕಂಡಿತು. ಪ್ಲೆವ್ನಾ ಎಂಬ ಊರಿನಲ್ಲಿ ಉಸ್ಮಾನ್ ಪಾಷಾ ಜುಲೈಯಿಂದ ಡಿಸೆಂಬರ್ 10ರವರೆಗೆ ರಷ್ಯದ ಸೈನ್ಯವನ್ನು ತಡೆದು ನಿಂತಿದ್ದ. ಆ ಐದು ತಿಂಗಳು ಉರ್ದು ಓದುಗರಿಗೆ ಪ್ಲೆವ್ನಾ ತಮ್ಮ ಪಕ್ಕದ ತಾಲ್ಲೂಕಿನಷ್ಟು ಹತ್ತಿರವಾಯಿತು. ಇಂಗ್ಲಿಷ್ ಪತ್ರಿಕೆಗಳ ತಂತಿ ಸುದ್ದಿಯನ್ನು, ಇಸ್ತಾಂಬುಲ್‌ನಿಂದ ಬರುತ್ತಿದ್ದ 'ಅಲ್ ಜವಾಇಬ್' ಎಂಬ ಅರಬಿ ಪತ್ರಿಕೆಯನ್ನು ಅನುವಾದಿಸಿ ಸಂಪಾದಕರು ಪುಟ ತುಂಬಿಸುತ್ತಿದ್ದರು. ಮಸೀದಿಗಳಲ್ಲಿ ದುಆ ನಡೆಯಿತು. ತುರ್ಕಿಯ ವಿಧವೆಯರಿಗೆ, ಅನಾಥರಿಗೆ ಎಂದು ಚಂದಾ ಎತ್ತಿದರು. ಬಲ್ಗೇರಿಯದಿಂದ ಲಕ್ಷಾಂತರ ಮುಸ್ಲಿಮರು ಎತ್ತಿನ ಗಾಡಿಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಓಡಿಬಂದದ್ದು ಆ ಚಳಿಗಾಲದಲ್ಲಿಯೇ. ಹಿಂದಿನ ವರ್ಷ ಲಂಡನ್ನಿನಲ್ಲಿ ಉಕ್ಕಿದ್ದ ಕಣ್ಣೀರು ಇವರಿಗಾಗಿ ಅಷ್ಟು ಹರಿಯಲಿಲ್ಲ. ಅತ್ತ ಬಟಾಕ್‌ನ ಹೆಣಗಳ ಸುದ್ದಿಯನ್ನು ಇತ್ತ ನಮ್ಮವರಲ್ಲಿ ಬಹಳಷ್ಟು ಮಂದಿ ಶತ್ರುಗಳ ಕಟ್ಟುಕತೆಯೆಂದು ತಳ್ಳಿಹಾಕಿದರು. ಒಂದೇ ನಾಡಿನಲ್ಲಿ ಸತ್ತವರನ್ನು ಓದುಗರು ಹೀಗೆ ಹಂಚಿಕೊಂಡರು.

ಕತೆ ಬರೆಯುವ ನನ್ನಂಥವರಿಗೆ ಈ ಯುದ್ಧದಿಂದ ಹುಟ್ಟಿದ ಇನ್ನೊಂದು ಸಂಗತಿ ಬಹಳ ಪ್ರಿಯವಾದದ್ದು. 1878ರಲ್ಲಿ 'ಅವಧ್ ಅಖ್ಬಾರ್'ಗೆ ರತನ್ ನಾಥ್ ಸರ್ಶಾರ್ ಸಂಪಾದಕರಾದರು. ಕಾಶ್ಮೀರಿ ಪಂಡಿತರ ಮನೆಯವರು, ಲಕ್ನೋದ ಭಾಷೆಯ ಹೊಳಪನ್ನೆಲ್ಲ ಹೀರಿಕೊಂಡವರು. ಅವರು ಆ ಪತ್ರಿಕೆಯಲ್ಲೇ ಕಂತುಕಂತಾಗಿ 'ಫಸಾನಾ ಎ ಆಜಾದ್' ಬರೆದರು. ಅದರ ನಾಯಕ ಆಜಾದ್ ಒಬ್ಬ ಅಲೆಮಾರಿ ರಸಿಕ. ಅವನು ಮೆಚ್ಚಿದ ಹುಸ್ನ್ ಆರಾ ಮದುವೆಗೆ ಒಂದು ಷರತ್ತು ಹಾಕುತ್ತಾಳೆ: ತುರ್ಕಿಗೆ ಹೋಗಿ ರಷ್ಯದ ವಿರುದ್ಧ ಹೋರಾಡಿ ಬಾ. ಅಫೀಮು ತಿನ್ನುವ ಕುಳ್ಳ ಖೋಜಿಯನ್ನು ಜೊತೆಗಿಟ್ಟುಕೊಂಡು ಅವನು ಹಡಗು ಹತ್ತುತ್ತಾನೆ. ಖೋಜಿಯ ಬಡಾಯಿಗೆ ಇಂದಿಗೂ ನಗು ಬರುತ್ತದೆ. ಹಿಂದೂ ಪ್ರಕಾಶಕರ ಪತ್ರಿಕೆ, ಪಂಡಿತ ಮನೆತನದ ಲೇಖಕ, ತುರ್ಕಿಗಾಗಿ ಕತ್ತಿ ಹಿಡಿಯುವ ಮುಸ್ಲಿಮ್ ನಾಯಕ. ಇದರಲ್ಲಿ ಆಗಿನ ಓದುಗರಿಗೆ ವಿಚಿತ್ರವೇನೂ ಕಾಣಲಿಲ್ಲ. ನಿನ್ನೆ ಮೊನ್ನೆಯ ತಂತಿ ಸುದ್ದಿ ಕತೆಯಾಗಿ ಮರಳಿ ಬಂದಿತ್ತು. ಜನ ಮುಂದಿನ ಕಂತಿಗಾಗಿ ಕಾದರು. ಮುಂದೆ ಪ್ರೇಮಚಂದರು ಇದನ್ನು ಸಂಗ್ರಹಿಸಿ ಹಿಂದಿಗೆ ತಂದರು.

ಆದರೆ ಅದೇ 1877ನೆಯ ವರ್ಷ ನಮ್ಮ ಮೈಸೂರು ಸೀಮೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಮರೆತು ಮುಂದೆ ಹೋಗುವಂತಿಲ್ಲ. ಅದು ಮಹಾ ಬರಗಾಲದ ವರ್ಷ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಪ್ಲೆವ್ನಾ ಯಾವ ದಿನ ಬಿತ್ತು ಎಂಬುದು ತಂತಿಯಲ್ಲಿ ಕೂಡಲೇ ತಿಳಿಯಿತು. ದಾರಿಬದಿಯಲ್ಲಿ ಬಿದ್ದು ಸತ್ತ ಕೂಲಿಗಳ ಲೆಕ್ಕ ಗಣತಿಯವನು ಬರುವವರೆಗೆ ಕಾಯಬೇಕಾಯಿತು. ಈ ಬರದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಲಂಡನ್ನಿನ ಜನ ಮೇಯರ್ ನಿಧಿಗೆ ಹಣ ಹಾಕಿದರು ಎಂಬುದೂ ನಿಜ. ಭಾರತೀಯ ಭಾಷೆಗಳ ಪತ್ರಿಕೆಗಳು ಬರ, ಯುದ್ಧ, ಆಡಳಿತ ಎಲ್ಲದರ ಬಗ್ಗೆ ಮಾತಾಡತೊಡಗಿದ್ದು ಸರಕಾರಕ್ಕೆ ಹಿಡಿಸಲಿಲ್ಲ. 1878ರ ಮಾರ್ಚಿನಲ್ಲಿ ವೈಸರಾಯ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದ.

ಒಂದಾಣೆ ಪತ್ರಿಕೆಗೆ, ಒಂದಾಣೆ ಓದಿದವನಿಗೆ

1911ರ ಸೆಪ್ಟೆಂಬರ್ 29ರಂದು ಇಟಲಿ ತುರ್ಕಿಯ ಮೇಲೆ ಯುದ್ಧ ಸಾರಿ ಟ್ರಿಪೋಲಿಗೆ, ಅಂದರೆ ಇಂದಿನ ಲಿಬಿಯಕ್ಕೆ ನುಗ್ಗಿತು. ನವೆಂಬರ್ 1ರಂದು ಗವೊಟ್ಟಿ ಎಂಬ ಇಟಲಿಯ ಅಧಿಕಾರಿ ತನ್ನ ಪುಟ್ಟ ವಿಮಾನದಿಂದ ನಾಲ್ಕು ಬಾಂಬುಗಳನ್ನು ಕೈಯಿಂದಲೇ ಕೆಳಗೆಸೆದ. ಯುದ್ಧದಲ್ಲಿ ವಿಮಾನದಿಂದ ಬಾಂಬು ಬಿದ್ದದ್ದು ಜಗತ್ತಿನಲ್ಲಿ ಅದೇ ಮೊದಲು. 1912ರ ಅಕ್ಟೋಬರಿನಲ್ಲಿ ಬಾಲ್ಕನ್ ಯುದ್ಧ ಶುರುವಾಯಿತು. ಈ ಎರಡು ವರ್ಷಗಳಲ್ಲಿ ಉರ್ದು ಪತ್ರಿಕೋದ್ಯಮದ ಮುಖವೇ ಬದಲಾಯಿತು.

ಲಾಹೋರಿನಲ್ಲಿ ಜಫರ್ ಅಲಿ ಖಾನರ 'ಜಮೀಂದಾರ್', ಕಲ್ಕತ್ತೆಯಲ್ಲಿ ಮೌಲಾನಾ ಆಜಾದರು 1912ರ ಜುಲೈಯಲ್ಲಿ ಹೊರಡಿಸಿದ 'ಅಲ್ ಹಿಲಾಲ್', ಮುಹಮ್ಮದ್ ಅಲಿಯವರ ಇಂಗ್ಲಿಷ್ ವಾರಪತ್ರಿಕೆ 'ಕಾಮ್ರೇಡ್'. ಎರಡು ವರ್ಷದೊಳಗೆ ತಮ್ಮ ಪತ್ರಿಕೆ ವಾರಕ್ಕೆ 26,000 ಪ್ರತಿ ಮುಟ್ಟಿತು ಎಂದು ಆಜಾದರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಚಿತ್ರಗಳನ್ನು ಹಾಕಿ ಅಂದವಾಗಿ ಅಚ್ಚಾಗುತ್ತಿದ್ದ ಅದನ್ನು ಜನ ಕಾಪಾಡಿ ಇಟ್ಟುಕೊಳ್ಳುತ್ತಿದ್ದರು. 'ಜಮೀಂದಾರ್' ಬಗ್ಗೆ ಉರ್ದು ಪತ್ರಿಕೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: ಗಡಿನಾಡಿನ ಪಠಾಣರು ಒಂದಾಣೆ ಕೊಟ್ಟು ಪತ್ರಿಕೆ ಕೊಳ್ಳುತ್ತಿದ್ದರು, ಇನ್ನೊಂದಾಣೆ ಕೊಟ್ಟು ಅದನ್ನು ಓದಿಸಿಕೊಳ್ಳುತ್ತಿದ್ದರು. ನನಗೆ ದಾದಾ ಆಣೆ ಕೊಡುತ್ತಿರಲಿಲ್ಲ. ಶುಕ್ರವಾರಕ್ಕೊಮ್ಮೆ ಬಣ್ಣದ ಬುಗುರಿ ಸಿಗುತ್ತಿತ್ತು. ಆದರೂ ಆ ಮಾತು ಓದಿದಾಗ ನಾನೂ ಆ ಓದುವವರ ಸಾಲಿನಲ್ಲಿ ಎಲ್ಲೋ ಕೊನೆಗೆ ಕುಳಿತವನೆಂದು ಅನಿಸಿತು.

ಓದಿದ ಜನ ಸುಮ್ಮನೆ ಕೂರಲಿಲ್ಲ. ಸಭೆಗಳಲ್ಲಿ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಟ್ರಿಪೋಲಿಯ ರಣರಂಗದಲ್ಲಿ ಗಾಯಾಳುಗಳಿಗೆ ನೀರು ಕುಡಿಸುತ್ತಾ ಸತ್ತ ಫಾತಿಮಾ ಬಿಂತ್ ಅಬ್ದುಲ್ಲಾ ಎಂಬ ಅರಬ್ ಹುಡುಗಿಯ ಸುದ್ದಿ ಇಕ್ಬಾಲರ ಕೈಯಲ್ಲಿ ಕವಿತೆಯಾಯಿತು. 1912ರ ಡಿಸೆಂಬರಿನಲ್ಲಿ ಡಾಕ್ಟರ್ ಮುಖ್ತಾರ್ ಅಹ್ಮದ್ ಅನ್ಸಾರಿಯವರು ವೈದ್ಯರು, ಸ್ವಯಂಸೇವಕರ ತಂಡವೊಂದನ್ನು ಕಟ್ಟಿಕೊಂಡು ಮುಂಬಯಿಯಿಂದ ತುರ್ಕಿಗೆ ಹಡಗು ಹತ್ತಿದರು. ಏಳು ತಿಂಗಳು ಅಲ್ಲಿ ಗಾಯಾಳುಗಳ ಸೇವೆ ಮಾಡಿ 1913ರ ಜುಲೈಯಲ್ಲಿ ಮರಳಿದರು. ಅವರು ಅಲ್ಲಿಂದ ಬರೆದ ಪತ್ರಗಳು 'ಕಾಮ್ರೇಡ್'ನಲ್ಲಿ ಅಚ್ಚಾದವು. ಸರ್ಶಾರರ ಆಜಾದ್ ಕತೆಯಲ್ಲಿ ಮಾಡಿದ ಪ್ರಯಾಣವನ್ನು ಮೂವತ್ತು ವರ್ಷಗಳ ನಂತರ ಅನ್ಸಾರಿಯವರು ನಿಜವಾಗಿ ಮಾಡಿದ್ದರು. ಕೈಯಲ್ಲಿ ಕತ್ತಿಯ ಬದಲು ಔಷಧಿಯ ಪೆಟ್ಟಿಗೆ ಇತ್ತು. ದೂರದ ಯುದ್ಧವನ್ನು ಓದಿದ ನಮ್ಮವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಆದರೆ ಬಾಲ್ಕನ್ನಿನಲ್ಲಿ ಸತ್ತವರೆಲ್ಲರ ಲೆಕ್ಕ ಯಾವ ಒಂದು ಪತ್ರಿಕೆಯಲ್ಲೂ ಇರಲಿಲ್ಲ. ಯುರೋಪಿನ ಹೆಚ್ಚಿನ ಪತ್ರಿಕೆಗಳು ತುರ್ಕರ ನೊಗ ಕಳಚಿತೆಂದು ಸಂಭ್ರಮಿಸಿದವು. ಉರ್ದು ಪತ್ರಿಕೆಗಳಲ್ಲಿ ಮುಸ್ಲಿಮರ ಹೆಣಗಳಷ್ಟೇ ಕಂಡವು. ಎದುರು ದಿಕ್ಕಿಗೆ ನಡೆದವರೂ ಕೆಲವರಿದ್ದರು. ಮುಂದೆ ರಷ್ಯದ ಕ್ರಾಂತಿಯಲ್ಲಿ ಹೆಸರಾದ ಲಿಯೋನ್ ಟ್ರಾಟ್‌ಸ್ಕಿ ಆಗ ಕೀವ್ ನಗರದ ಒಂದು ಪತ್ರಿಕೆಯ ಯುದ್ಧ ವರದಿಗಾರನಾಗಿದ್ದ. ಸ್ಲಾವ್ ಸೈನಿಕರು ಮುಸ್ಲಿಮ್ ಹಳ್ಳಿಗರ ಮೇಲೆ, ಅಲ್ಬೇನಿಯನ್ನರ ಮೇಲೆ ನಡೆಸಿದ ಕ್ರೌರ್ಯವನ್ನು ತನ್ನ ಸ್ಲಾವ್ ಓದುಗರಿಗೇ ಅವನು ಬರೆದು ಹೇಳಿದ. ಓದುಗರಿಗೆ ಅದು ಇಷ್ಟವಾಗುವ ಸುದ್ದಿಯಾಗಿರಲಿಲ್ಲ. 1914ರಲ್ಲಿ ಕಾರ್ನೆಗಿ ಸಂಸ್ಥೆ ನೇಮಿಸಿದ ವಿಚಾರಣಾ ಮಂಡಲಿಯ ವರದಿ ಬಂದಾಗ ಎಲ್ಲ ಕಡೆಯ ಸೈನ್ಯಗಳೂ ಹಳ್ಳಿಗಳನ್ನು ಸುಟ್ಟಿದ್ದವು, ಬಡವರನ್ನು ಕೊಂದಿದ್ದವು ಎಂಬುದು ಬಯಲಾಯಿತು. ಸತ್ತವರ ಲೆಕ್ಕವನ್ನು ಮೊದಲು ಓದಿದ ವರದಿ ಅದು. ಆದರೆ ಜನ ಅದನ್ನು ಓದುವಷ್ಟರಲ್ಲಿ ಇನ್ನೂ ದೊಡ್ಡ ಯುದ್ಧ ಹೊತ್ತಿಕೊಂಡಿತ್ತು.

ದೂರ ಹತ್ತಿರವಾದಾಗ

1914ರ ಕೊನೆಗೆ ತುರ್ಕಿ ಜರ್ಮನಿಯ ಪಕ್ಷ ಸೇರಿ ಮಹಾಯುದ್ಧಕ್ಕೆ ಇಳಿಯಿತು. 1910ರ ಪತ್ರಿಕಾ ಕಾನೂನಿನ ಠೇವಣಿಯ ಕುಣಿಕೆ ಬಿಗಿಯಾಯಿತು. 'ಕಾಮ್ರೇಡ್' ನಿಂತಿತು, 'ಅಲ್ ಹಿಲಾಲ್' ನಿಂತಿತು. ಎರಡು ವರ್ಷದ ಹಿಂದೆ ತುರ್ಕಿಯ ಗಾಯಾಳುಗಳಿಗಾಗಿ ಒಡವೆ ಕೊಟ್ಟಿದ್ದ ಮನೆಗಳ ಗಂಡುಮಕ್ಕಳನ್ನು ಈಗ ತುರ್ಕಿಯ ಮೇಲೆ ಗುಂಡು ಹಾರಿಸಲು ಕಳಿಸಲಾಗುತ್ತಿತ್ತು. 1915ರ ಫೆಬ್ರವರಿಯಲ್ಲಿ ಸಿಂಗಪುರದ ಐದನೆಯ ಪದಾತಿ ದಳದ ಭಾರತೀಯ ಮುಸ್ಲಿಮ್ ಸಿಪಾಯಿಗಳು ದಂಗೆಯೆದ್ದದ್ದಕ್ಕೆ, ತಮ್ಮನ್ನು ತುರ್ಕರ ಮೇಲೆ ಕಳಿಸುತ್ತಾರೆಂಬ ವದಂತಿಯೂ ಒಂದು ಕಾರಣವಾಗಿತ್ತು.

ನಮ್ಮ ಮೈಸೂರಿನ ಲ್ಯಾನ್ಸರ್ಸ್ ದಳವೂ ಹೋಯಿತು. ಭರ್ಜಿ ಹಿಡಿದ ಆ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಸೇರಿ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಆ ದಳದಲ್ಲಿ ಮರಾಠರ ಜೊತೆ ದಖ್ಖನಿ ಮುಸ್ಲಿಮರೂ ಇದ್ದರು. ಬಾಲ್ಕನ್ ಯುದ್ಧದ ಸುದ್ದಿಯನ್ನು ಯಾವುದೋ ಜಗಲಿಯಲ್ಲಿ ಕೇಳಿ ಕಣ್ಣು ಒರೆಸಿಕೊಂಡಿದ್ದ ಹುಡುಗನೊಬ್ಬ ಅವರಲ್ಲಿ ಇದ್ದಿರಬಹುದು. ಆ ಸ್ಮಾರಕದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅವನ ನೆನಪು ಬರುತ್ತದೆ. ಅವನ ಬಗ್ಗೆ ಕತೆ ಬರೆಯಲು ಎರಡು ಸಲ ಕುಳಿತು, ಎರಡು ಸಲವೂ ಎದ್ದಿದ್ದೇನೆ.

ಯುದ್ಧ ಮುಗಿದ ಮೇಲೆ ಖಿಲಾಫತ್ ಚಳವಳಿ ಎದ್ದಿತು. ಗಾಂಧೀಜಿ ಅದರ ಜೊತೆ ನಿಂತರು. ಕೊನೆಗೆ 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದು ಮಾಡಿದ್ದು ಯಾವ ಯುರೋಪಿನ ಶಕ್ತಿಯೂ ಅಲ್ಲ, ತುರ್ಕಿಯ ಸಂಸತ್ತೇ. ಆ ಸುದ್ದಿಯೂ ಪತ್ರಿಕೆಯಲ್ಲೇ ಬಂತು. ಐವತ್ತು ವರ್ಷ ತಾವು ಓದುತ್ತಿದ್ದ ತುರ್ಕಿಗೂ ಅಲ್ಲಿ ಇದ್ದ ತುರ್ಕಿಗೂ ಎಷ್ಟು ಅಂತರವಿತ್ತು ಎಂಬುದು ನಮ್ಮವರಿಗೆ ಅಂದು ಗೊತ್ತಾಯಿತು. ಹಾಗೆಂದು ಅವರ ಕಣ್ಣೀರು ಸುಳ್ಳಾಗಿರಲಿಲ್ಲ. ಕೊಟ್ಟ ಒಡವೆ, ಕಟ್ಟಿದ ಗಾಯ ಸುಳ್ಳಾಗಿರಲಿಲ್ಲ. ಅವರ ಓದಿನಲ್ಲಿ ಕೊರತೆಯಿದ್ದದ್ದು ಪ್ರೀತಿಯಲ್ಲಲ್ಲ. ಎದುರು ಪಕ್ಷದ ಹೆಣಗಳನ್ನು ಎಣಿಸದೆ ಬಿಟ್ಟದ್ದರಲ್ಲಿ. ಲಂಡನ್ನಿನ ಓದುಗರೂ ಅದನ್ನೇ ಮಾಡಿದ್ದರು, ನಮಗಿಂತ ಮೊದಲು.

ಮತ್ತೆ ಜಗಲಿಗೆ

1991ರ ಫೆಬ್ರವರಿ 13ರಂದು ಬಗ್ದಾದಿನ ಆಮಿರಿಯಾ ಎಂಬಲ್ಲಿ ಜನ ಆಶ್ರಯ ಪಡೆದಿದ್ದ ನೆಲಮಾಳಿಗೆಯ ಮೇಲೆ ಅಮೆರಿಕದ ಬಾಂಬುಗಳು ಬಿದ್ದವು. ನಾನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಮರುದಿನ ಸಂಜೆ ಆ ಸುದ್ದಿಯನ್ನು ನಾನು ಓದಿದೆ. ದಾದಾ ಕಡೆಯುವ ಯಂತ್ರ ನಿಲ್ಲಿಸಿ ಇನ್ನೊಮ್ಮೆ ನಿಧಾನವಾಗಿ ಓದು ಎಂದರು. ನಕ್ಷೆ ಬರೆಯುತ್ತಿದ್ದವರು ಅವತ್ತು ಬೆರಳು ಎತ್ತಲಿಲ್ಲ.

ಮೇಷ್ಟ್ರು ಬಂದರು. ಅವರ ಕಂಕುಳಲ್ಲೂ ಪತ್ರಿಕೆ ಇತ್ತು. ನನ್ನ ಕೈಗೆ ಕೊಡಲಿಲ್ಲ. ದಾದಾ ಕೇಳಿದರು, "ನಿಮ್ಮದರಲ್ಲಿ ಎಷ್ಟು ಅಂತ ಹಾಕಿದಾರೆ ಮೇಷ್ಟ್ರೇ?"

"ಇವತ್ತು ಎರಡರದ್ದೂ ಒಂದೇ ಲೆಕ್ಕ ಸಾಬ್ರೇ" ಎಂದರು ಮೇಷ್ಟ್ರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡಿ, "ಆ ಮಕ್ಕಳು ನಮ್ಮ ಸ್ಕೂಲಲ್ಲಿ ಇದ್ದಿದ್ರೆ, ಇವನ ಕ್ಲಾಸಲ್ಲೇ ಎಷ್ಟೋ ಜನ ಇರ್ತಿದ್ರು" ಎಂದರು.

ಉರ್ದು ಪತ್ರಿಕೆಯಲ್ಲಿ ಅಲ್ಲಾಹನ ಹೆಸರು, ಆಯತ್ತು ಇರುತ್ತವೆಂದು ದಾದಿ ಅದನ್ನು ಪೊಟ್ಟಣ ಕಟ್ಟಲು ಕೊಡುತ್ತಿರಲಿಲ್ಲ. ಅಟ್ಟದ ಮೇಲೆ ಜೋಡಿಸಿಡುತ್ತಿದ್ದರು. ಮೇಷ್ಟ್ರು ಅವತ್ತು ತಮ್ಮ ಪತ್ರಿಕೆಯನ್ನು ಜಗಲಿಯಲ್ಲೇ ಬಿಟ್ಟು ಹೋದರು. ದಾದಿ ಅದನ್ನೂ ಮಡಿಚಿ, ಉರ್ದು ಪತ್ರಿಕೆಗಳ ಮೇಲೆಯೇ ಇಟ್ಟರು.